ಕ್ಯಾಪ್ಟನ್ ಹೆಂಡತಿಯ ಬಲಗೈ

ಆ ಮನೆಯಲ್ಲಿ ಒಬ್ಬರ ವ್ಯಾಯಾಮ ಒಂದು ದಿನವೂ ತಪ್ಪಲಿಲ್ಲ, ಇನ್ನೊಬ್ಬರದು ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ. ವ್ಯಾಯಾಮ ಮಾಡಲೇಬೇಕು ಎಂದು ಡಾಕ್ಟರು ಹೇಳಿದ್ದು ಈ ಎರಡನೆಯವಳಿಗೆ.

ಅವಳು ಕೂದಲು ಕತ್ತರಿಸುವವಳು. ಮುಖ್ಯರಸ್ತೆಯ ಹೆಂಗಸರ ಪಾರ್ಲರಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಅವಳದು. ಮಗಳು ಹುಟ್ಟುವುದಕ್ಕೂ ಮೊದಲಿನಿಂದ ಆ ಕುರ್ಚಿಯ ಹಿಂದೆ ನಿಂತವಳು. ಗಿರಾಕಿಗಳು ಬಾಗಿಲಲ್ಲೇ "ಅಕ್ಕ ಇದ್ದಾರಾ?" ಎಂದು ಕೇಳಿ, ಇಲ್ಲ ಎಂದರೆ ಒಳಗೂ ಬರದೆ ತಿರುಗಿ ಹೋಗುತ್ತಿದ್ದರು. ಕೂತು ಮಾಡುವ ಕೆಲಸವಲ್ಲ ಅದು. ಎಡಗೈಯಲ್ಲಿ ಬಾಚಣಿಗೆ, ಬಲಗೈಯಲ್ಲಿ ಕತ್ತರಿ, ಮೊಣಕೈ ಭುಜದ ಮಟ್ಟಕ್ಕೆ ಎತ್ತಿ ಇಡೀ ದಿನ ನಿಲ್ಲಬೇಕು. ಕತ್ತರಿಸಿದ ಮೇಲೆ ಕೂದಲು ಒಣಗಿಸುವ ಯಂತ್ರವನ್ನು ಗಿರಾಕಿಯ ನೆತ್ತಿಗಿಂತ ಮೇಲೆ ಹಿಡಿಯಬೇಕು.

ಒಂದು ಚಳಿಗಾಲದಲ್ಲಿ ಅವಳ ಬಲಭುಜ ಕೈಕೊಟ್ಟಿತು. ಮೊದಮೊದಲು ಬಟ್ಟೆಯ ತೋಳಿಗೆ ಕೈ ತೂರಿಸುವಾಗ ಮಾತ್ರ ನೋವು. ಆಮೇಲೆ ಮಗ್ಗುಲು ಬದಲಿಸಿದರೂ ನೋವು. ಕೊನೆಗೆ ಒಂದು ಮಧ್ಯಾಹ್ನ ಒಣಗಿಸುವ ಯಂತ್ರ ಕೈಜಾರಿ ಗಿರಾಕಿಯ ಕಿವಿಗೆ ಬಡಿಯಿತು. ಪಾರ್ಲರಿನ ಒಡತಿ ಗಿರಾಕಿಯ ಕೈಕಾಲು ಹಿಡಿದು ಸಮಾಧಾನ ಮಾಡಿ ಕಳಿಸಿ, ಅವಳನ್ನು ಒಳಗೆ ಕರೆದಳು.

"ಅಕ್ಕ, ಎರಡು ತಿಂಗಳು ಮನೇಲಿರು. ಕೈ ಸರಿ ಮಾಡ್ಕೊಂಡು ಬಾ. ಅಲ್ಲಿವರೆಗೂ ಆ ಹೊಸ ಹುಡುಗಿ ನೋಡ್ಕೊಳ್ತಾಳೆ. ಕುರ್ಚಿ ನಿಂದೇ."

"ಎರಡು ತಿಂಗಳಲ್ಲಿ ಆಗದೇ ಇದ್ರೆ?"

"ಯಾಕಾಗಲ್ಲ? ಮನೇಲಿ ಆರಾಮಾಗಿದ್ದು ಹೇಳಿದ್ದು ಮಾಡಿದ್ರೆ ಆಗುತ್ತೆ."

ಮನೇಲಿ ಆರಾಮಾಗಿರುವುದು ಹೇಗೆ ಎಂಬುದನ್ನು ಆ ಒಡತಿ ಬಲ್ಲವಳಲ್ಲ. ಅವಳಿಗೆ ಮನೆ ಎಂದರೆ ಮಲಗುವ ಜಾಗ.

ಫಿಸಿಯೋ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಗಂಡ ಗೋದಾಮಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದ. ಪೀಠೋಪಕರಣಗಳ ಗೋದಾಮಿನಲ್ಲಿ ಅವನು ಮೇಲ್ವಿಚಾರಕ. ಮಂಚ, ಬೀರು ಹೊರುವವರಿಗೆ ಹೇಗೆ ಹೊರಬೇಕು ಎಂದು ನಿಂತಲ್ಲೇ ನಿಂತು ಹೇಳುವುದು ಅವನ ಕೆಲಸ, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ಕೀಲು ಗಟ್ಟಿಯಾಗಿದೆ," ಎಂದರು ಡಾಕ್ಟರು. "ಮಾತ್ರೆಗೆ ಸಡಿಲ ಆಗಲ್ಲ. ಬೆಳಿಗ್ಗೆ ಎದ್ದ ಕೂಡಲೇ ಶಾಖ ಕೊಟ್ಕೊಂಡು ಅರ್ಧ ಗಂಟೆ, ಸಂಜೆ ಇನ್ನೊಮ್ಮೆ. ನೋವಿದ್ರೂ ಮಾಡಬೇಕು, ದಿನಾ ಮಾಡಬೇಕು. ಎರಡು ದಿನ ಮಾಡಿ ಮೂರು ದಿನ ಬಿಟ್ರೆ ಮಾಡಿದ್ದೂ ದಂಡ. ಹಾಗೇ ಬಿಟ್ಟುಬಿಟ್ರೆ ಕೈ ಎಲ್ಲಿಗೆ ನಿಂತಿದೆಯೋ ಅಲ್ಲಿಗೇ ನಿಂತುಹೋಗಬಹುದು."

ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲೆ ಮೇಲೆ ನಡೆಸುವುದು, ಬಾಗಿಲ ಮೇಲಿನ ರಾಟೆಗೆ ಹಗ್ಗ ಹಾಕಿ ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಎಳೆಯುವುದು, ರಬ್ಬರ್ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಗ್ಗಿಸುವುದು. ಅವಳು ಹಲ್ಲು ಕಚ್ಚಿಕೊಂಡು ಮಾಡಿದಳು. ಪಕ್ಕದಲ್ಲಿ ಗಂಡನೂ ಎದ್ದು ನಿಂತು ಸರಾಗವಾಗಿ ಮಾಡಿ ತೋರಿಸಿದ.

"ನಿಮ್ಮ ಯಜಮಾನ್ರು ನಿಮಗಿಂತ ಚೆನ್ನಾಗಿ ಮಾಡ್ತಾರೆ," ಎಂದು ಡಾಕ್ಟರು ನಕ್ಕರು. ಪಾಪ, ತಮಾಷೆಗೆ ಅಂದದ್ದು. ಅವನು ಅದನ್ನು ಬಿರುದು ಎಂದುಕೊಂಡು ಮನೆಗೆ ತಂದ.

"ನಿನ್ನ ಜೊತೆಗೆ ನಾನೂ ಶುರು ಮಾಡ್ತೀನಿ," ಎಂದ ದಾರಿಯಲ್ಲೇ. "ಒಬ್ಬಳೇ ಆದ್ರೆ ನಿನಗೆ ಬೇಜಾರಾಗುತ್ತೆ. ನನಗೂ ಹೊಟ್ಟೆ ಕರಗಬೇಕು."

ಅವಳಿಗೆ ಖುಷಿಯೇ ಆಯಿತು. ಗಂಡ ಜೊತೆಗೆ ನಿಲ್ಲುತ್ತಾನಲ್ಲ ಎಂದುಕೊಂಡಳು. ಆ ಖುಷಿಯನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಮೊದಲ ಕೆಲವು ದಿನ ಇಬ್ಬರೂ ಮುಂದಿನ ಕೋಣೆಯಲ್ಲಿ ಮಾಡಿದರು. ಕೋಣೆ ಇಕ್ಕಟ್ಟು. ಅವನು ಕೈ ಬೀಸಿದರೆ ಇವಳ ಕಿವಿಗೆ ಗಾಳಿ. "ಇಲ್ಲಿ ಉಸಿರೇ ಆಡಲ್ಲ," ಎಂದು ಅವನು ಪಾರ್ಕಿಗೆ ಹೊರಟ. ಅಲ್ಲಿ ಬೆಳಗಿನ ನಡಿಗೆಯವರ ಗುಂಪೊಂದಿತ್ತು. ನಿವೃತ್ತರು, ಅಂಗಡಿಯವರು, ಸಕ್ಕರೆ ಕಾಯಿಲೆಯವರು. ಹೇಳುವವರಿಲ್ಲದೆ ಸುಮ್ಮನೆ ಸುತ್ತು ಹೊಡೆಯುತ್ತಿದ್ದ ಜನ. ಇವನು ಹೋದ ಮೂರನೇ ದಿನಕ್ಕೇ ಅವರನ್ನು ಸಾಲಾಗಿ ನಿಲ್ಲಿಸಿ "ಒಂದು, ಎರಡು" ಎಂದು ಎಣಿಸತೊಡಗಿದ. ವಾರ ಕಳೆಯುವಷ್ಟರಲ್ಲಿ ಯಾರೋ ಕ್ಯಾಪ್ಟನ್ ಎಂದು ಕರೆದರು. ಹೆಸರು ಅಂಟಿಕೊಂಡಿತು. ಅವನಿಗೂ ಅದು ಕಿತ್ತುಹಾಕುವಂಥ ಹೆಸರು ಅನ್ನಿಸಲಿಲ್ಲ.

ಪಾರ್ಕಿನ ಜೊತೆಗೆ ಊಟವೂ ಬದಲಾಯಿತು.

"ವ್ಯಾಯಾಮ ಆದ ಅರ್ಧ ಗಂಟೆ ಒಳಗೆ ತಿನ್ನಬೇಕು," ಎಂದ. "ಇಲ್ಲಾಂದ್ರೆ ಮೈ ಮುರಿದಿದ್ದೆಲ್ಲ ನೀರಲ್ಲಿ ಹೋಮ. ಬೇಯಿಸಿದ ಮೊಟ್ಟೆ, ಬಿಳೀ ಭಾಗ ಮಾತ್ರ. ಮೊಳಕೆ ಕಾಳು. ಓಟ್ಸ್ ಗಂಜಿ, ಬಿಸಿ ಇರಬೇಕು. ತರಕಾರಿ ರಸ, ಆಗ ರುಬ್ಬಿದ್ದೇ ಆಗಬೇಕು."

"ನಾನೂ ಆ ಹೊತ್ತಿಗೇ ವ್ಯಾಯಾಮ ಮಾಡಬೇಕಲ್ಲ."

"ನೀನು ಮನೇಲೇ ಇರ್ತೀಯ. ನಿನಗೆ ಇಡೀ ದಿನ ಇದೆ."

ನಿನಗೆ ಇಡೀ ದಿನ ಇದೆ. ಈ ಮಾತು ಆ ಮನೆಯಲ್ಲಿ ಬಾಯಿಂದ ಬಾಯಿಗೆ ಹೋಯಿತು. ಅವಳು ಕೆಲಸಕ್ಕೆ ಹೋಗುತ್ತಿದ್ದಾಗ ಬೆಳಗಿನ ತಿಂಡಿ ಅತ್ತೆಯದು. ಈಗ ಅತ್ತೆ ಹಾಸಿಗೆಯಿಂದಲೇ ಕೂಗುತ್ತಿದ್ದರು: "ಹೇಗೂ ನೀನು ಮನೇಲೇ ಇದ್ದೀಯಲ್ಲ, ನನಗೆ ಟೀ ಇಲ್ಲಿಗೇ ಕೊಡು. ಇಷ್ಟು ವರ್ಷ ನಾನು ಬೇಯಿಸಿ ಹಾಕಿದ್ದೀನಿ, ಇನ್ನು ಆಗಲ್ಲಮ್ಮ." ಕಾಲೇಜಿಗೆ ಹೋಗುವ ಮಗಳು ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದವಳು, ಈಗ ಅವಳಿಗೆ ಡಬ್ಬಿ ಬೇಕು. "ಅಮ್ಮ, ಹೊರಗಡೆ ತಿಂದು ಹೊಟ್ಟೆ ಕೆಟ್ಟುಹೋಗಿದೆ. ನೀನು ಮನೇಲಿದ್ದಾಗಲಾದ್ರೂ ಸರಿಯಾಗಿ ತಿಂತೀನಿ." ಅವಳ ಭುಜಕ್ಕೆಂದು ಸಿಕ್ಕ ರಜೆಯನ್ನು ಮನೆಯವರೆಲ್ಲ ಸೇರಿ ಹಂಚಿಕೊಂಡರು.

ರಾಟೆಯನ್ನು ಅಡುಗೆಮನೆಯ ಬಾಗಿಲಿಗೆ ಹಾಕಿದ್ದಳು. ಹಗ್ಗ ಎಳೆಯಬೇಕಾದರೆ ಬಾಗಿಲು ಮುಚ್ಚಿರಬೇಕು. ಆ ಬಾಗಿಲು ದಿನವಿಡೀ ತೆರೆದಿದ್ದರೂ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಮುಚ್ಚಿದ್ದೇ ತಡ, ಎಲ್ಲರಿಗೂ ಅಡುಗೆಮನೆಯಲ್ಲಿ ಕೆಲಸ.

"ಅಮ್ಮ, ಬಾಗಿಲು ತೆಗಿ. ನೀರಿನ ಬಾಟಲಿ."

"ಹತ್ತು ನಿಮಿಷ ತಡಿ."

"ಬಸ್ ಹೋಗಿಬಿಡುತ್ತೆ ಅಮ್ಮ."

ತೆಗೆದಳು. ಮತ್ತೆ ಮುಚ್ಚಿದಳು. ಅತ್ತೆ ಬಂದು ಬಡಿದರು.

"ಏನು ಒಳಗೆ ಚಿಲಕ ಹಾಕ್ಕೊಂಡು? ಹಾಲು ಉಕ್ಕುತ್ತಾ ಇದೆಯಾ ನೋಡು."

"ಒಲೆ ಮೇಲೆ ಹಾಲಿಲ್ಲ ಅತ್ತೆ. ನಾನು ಕೈ ಎಳೀತಾ ಇದ್ದೀನಿ."

"ಅದೇನು ಎಳೆಯೋದು ದಿನಾ. ನೆಲ ಒರೆಸು, ಬಟ್ಟೆ ಹಿಂಡು, ತಾನೇ ಬಿಟ್ಟುಕೊಳ್ಳುತ್ತೆ. ನಮ್ಮ ಕಾಲದಲ್ಲಿ ಭುಜ ಅಂತ ಒಂದು ಇದೆ ಅಂತಾನೇ ಗೊತ್ತಿರಲಿಲ್ಲ ನಮಗೆ."

"ಡಾಕ್ಟ್ರು ಬಟ್ಟೆ ಹಿಂಡಬೇಡಿ ಅಂದಿದ್ದಾರೆ."

"ಡಾಕ್ಟ್ರು ಬಂದು ಹಿಂಡ್ತಾರಾ?"

ಅಷ್ಟರಲ್ಲಿ ಹೊರಗೆ ಷೂ ಒರೆಸುವ ಸದ್ದು. ಕ್ಯಾಪ್ಟನ್ ಬಂದ, ಗಂಜಿ ಇನ್ನೂ ಆಗಿಲ್ಲ. ಅವಳು ಹಗ್ಗವನ್ನು ಮೊಳೆಗೆ ಸಿಕ್ಕಿಸಿ ಒಲೆ ಹಚ್ಚಿದಳು. ಬಿಳಿ ಭಾಗವನ್ನು ಅವನ ತಟ್ಟೆಗೆ ಹಾಕಿ ಹಳದಿಯನ್ನು ತಾನು ತಿಂದಳು. ಹೀಗೆ ದಿನಾ ಹಳದಿ ತಿಂದು ತಿಂದು ಅವಳಿಗೆ ಮೊಟ್ಟೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಎಸೆದರೆ ಅತ್ತೆ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಮಾಡೋಣ ಎಂದುಕೊಳ್ಳುತ್ತಿದ್ದಳು. ಮಧ್ಯಾಹ್ನ ಅತ್ತೆಯ ನಿದ್ದೆ, ಬಾಗಿಲ ಸದ್ದು ಆಗಕೂಡದು. ಸಂಜೆ ಅಂದುಕೊಂಡರೆ ಮಗಳ ಓದು, ಗಂಡನ ಸೂಪು. ಎಲ್ಲ ಮುಗಿದ ಮೇಲೆ ಗೋಡೆಯ ಮುಂದೆ ನಿಂತರೆ ಭುಜ ಬೆಂಕಿಯಂತಾಗಿರುತ್ತಿತ್ತು. ಎರಡು ಸಲ ಬೆರಳು ಹತ್ತಿಸಿ ಬಿಟ್ಟುಬಿಡುತ್ತಿದ್ದಳು. ಇದರಲ್ಲಿ ಅವಳ ತಪ್ಪೂ ಇತ್ತು ಎಂದು ಹೇಳುವವರು ಇದ್ದಾರೆ. ಅವರು ಒಂದು ವಾರ ಆ ಅಡುಗೆಮನೆಯಲ್ಲಿ ನಿಂತು ಆಮೇಲೆ ಹೇಳಲಿ.

ಒಂದು ದಿನ ರಬ್ಬರ್ ಪಟ್ಟಿ ಕಾಣಲಿಲ್ಲ. ಬೀರು, ಹಾಸಿಗೆ ಕೆಳಗೆ, ಮಗಳ ಚೀಲ, ಎಲ್ಲ ತಡಕಿದಳು. ಗಂಡ ಪಾರ್ಕಿನಿಂದ ಬಂದು ಅದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಅದು ನಿಮ್ಮ ಹತ್ರ ಹೇಗೆ ಬಂತು?"

"ಅಲ್ಲಿ ಒಬ್ಬರಿಗೆ ಭುಜದ ನೋವು. ಹೇಳಿಕೊಡ್ತಾ ಇದ್ದೀನಿ."

"ನನಗೆ ಬೇಕಲ್ಲ ಬೆಳಿಗ್ಗೆ."

"ನೀನೆಲ್ಲಿ ಉಪಯೋಗಿಸ್ತಾ ಇದ್ದೆ? ಧೂಳು ಹಿಡಿದಿತ್ತು. ವಸ್ತು ಅಂದ್ರೆ ಯಾರು ಬಳಸ್ತಾರೋ ಅವರದು ಕಣೆ." ಅವನು ಕೂತು ತಟ್ಟೆ ಎಳೆದುಕೊಂಡ. "ಗಂಜಿ ಸ್ವಲ್ಪ ಗಟ್ಟಿಯಾಯ್ತು ಇವತ್ತು."

ತಿಂಗಳಾದ ಮೇಲೆ ಫಿಸಿಯೋ ಡಾಕ್ಟರು ಕೈ ಎತ್ತಿಸಿ ನೋಡಿದರು. ಮೊದಲು ಎಲ್ಲಿತ್ತೋ ಅಲ್ಲೇ ಇತ್ತು. ಅವರ ಮುಖ ಗಂಟಾಯಿತು.

"ನೀವು ಮಾಡ್ತಾ ಇಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಮಾತು ಬಂತು. "ದಿನಾ ಹೇಳ್ತೀನಿ ಡಾಕ್ಟ್ರೇ. ಶಿಸ್ತು ಅನ್ನೋದು ಒಳಗಿಂದ ಬರಬೇಕು. ನನ್ನನ್ನೇ ನೋಡಿ, ಮಂಜು ಇರಲಿ, ಮಳೆ ಇರಲಿ, ಒಂದು ದಿನ ತಪ್ಪಿಸಿಲ್ಲ."

ಡಾಕ್ಟರು ಅವನ ಕರಗಿದ ಹೊಟ್ಟೆಯನ್ನೂ ನೋಡಿದರು, ಇವಳ ಜೋತುಬಿದ್ದ ಕೈಯನ್ನೂ ನೋಡಿದರು. "ಯಜಮಾನ್ರನ್ನ ನೋಡಿ ಕಲೀರಿ," ಎಂದರು.

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟೇರಿತು. ಬೇರೆಯವರ ಎದುರಿಗೆ ಗಂಡನ ಮರ್ಯಾದೆ ತೆಗೆಯಬಾರದು ಎಂದು ನುಂಗಿಕೊಂಡಳು. ಇಂಥ ಎಷ್ಟನ್ನು ನುಂಗಿದ್ದಳೋ, ಅವೆಲ್ಲ ಆ ಭುಜದಲ್ಲೇ ಹೋಗಿ ಕೂತಿದ್ದವೋ ಏನೋ.

ಎರಡು ತಿಂಗಳು ಮುಗಿಯಿತು. ಪಾರ್ಲರಿಗೆ ಹೋದಳು. ಕಿಟಕಿ ಪಕ್ಕದ ಕುರ್ಚಿಯ ಎದುರಿನ ಕನ್ನಡಿಗೆ ಹೊಸ ಹುಡುಗಿ ತನ್ನ ಒಂದು ಫೋಟೋ ಸಿಕ್ಕಿಸಿದ್ದಳು. ಇವಳನ್ನು ಕಂಡು ಅವಸರದಲ್ಲಿ ತೆಗೆದಳು. ಒಡತಿ ಹೊಸ ಗಿರಾಕಿಯೊಬ್ಬರನ್ನು ತೋರಿಸಿ ಮೆಲ್ಲಗೆ ಹೇಳಿದಳು: "ಅಕ್ಕ, ಇವರದು ಸುಲಭ, ತುದಿ ಸಮ ಮಾಡಿ ಹಿಂದೆ ಸ್ವಲ್ಪ ಎತ್ತರಿಸಬೇಕು ಅಷ್ಟೇ. ಮಾಡು ನೋಡೋಣ."

ಗಿರಾಕಿ ಔಷಧಿ ಅಂಗಡಿ ನಡೆಸುವ ಹೆಂಗಸು. ಕುರ್ಚಿಯನ್ನು ಆದಷ್ಟು ಕೆಳಗಿಳಿಸಿ, ತಾನು ತುದಿಗಾಲಲ್ಲಿ ನಿಂತು, ಬಲಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಕತ್ತರಿ ಹಿಡಿದಳು. ತುದಿಯ ಕೂದಲು ಸರಿಯಾಗಿ ಬಂತು. ಬೆರಳಿನ ಜಾಣತನ ಎಲ್ಲಿಗೂ ಹೋಗಿರಲಿಲ್ಲ. ನೆತ್ತಿಯ ಹತ್ತಿರ ಬಂದಾಗ ಕೈ ನಿಂತಿತು. ಮೇಲೇಳಲಿಲ್ಲ. ಹಣೆಯಲ್ಲಿ ಬೆವರೊಡೆಯಿತು.

ಕನ್ನಡಿಯಲ್ಲಿ ಗಿರಾಕಿ ನೋಡಿದರು. "ಭುಜವಾ?"

"ಹೌದು ಮೇಡಂ. ಒಂದು ನಿಮಿಷ."

"ನನಗೂ ಹೀಗೇ ಆಗಿತ್ತು. ಔಷಧಿ ಅಂಗಡಿ ಇಟ್ಕೊಂಡು ನನಗೇ ಔಷಧಿ ಇಲ್ಲ. ಈಗ ನೋಡಿ." ಅವರು ಬಟ್ಟೆಯ ಹೊದಿಕೆಯೊಳಗಿಂದ ಕೈ ತೆಗೆದು ನೆಟ್ಟಗೆ ಮೇಲಕ್ಕೆ, ಕಿವಿಗೆ ತಾಗುವಂತೆ ಎತ್ತಿದರು. "ಪಾರ್ಕಲ್ಲಿ ಒಬ್ರು ಕ್ಯಾಪ್ಟನ್ ಇದ್ದಾರೆ. ದೇವರಂಥ ಮನುಷ್ಯ. ರಬ್ಬರ್ ಪಟ್ಟಿ ತಂದು, ದಿನಾ ಮುಂದೆ ನಿಂತು ಮಾಡಿಸಿದ್ರು. ಒಂದು ದಿನ ಹೋಗದಿದ್ರೆ ಫೋನ್ ಮಾಡಿ ಬೈತಾರೆ."

ಕತ್ತರಿ ಗಾಳಿಯಲ್ಲೇ ಇತ್ತು.

"ಅವರ ಹೆಂಡತಿಗೂ ಇದೇ ಆಗಿತ್ತಂತೆ. ಕೈಯೇ ಹೋಯ್ತು ಅಂದಿದ್ರಂತೆ ಡಾಕ್ಟ್ರು. ಇವರೇ ಪಕ್ಕದಲ್ಲಿ ನಿಂತು, ಬೆಳಿಗ್ಗೆ ಸಂಜೆ ಮಾಡಿಸಿ, ಪೂರ್ತಿ ವಾಸಿ ಮಾಡಿದ್ರಂತೆ. ಈಗ ಆಕೆ ಬೀರು ಮೇಲಿನ ಪೆಟ್ಟಿಗೆ ತಾನೇ ಇಳಿಸ್ತಾಳಂತೆ. ಪುಣ್ಯವಂತೆ ಕಣ್ರೀ. ನಮ್ಮನೆಯವರೂ ಇದ್ದಾರೆ, ನೋವು ಅಂದ್ರೆ ಮಾತ್ರೆ ಕೊಟ್ಟು ಆ ಕಡೆ ತಿರುಗಿ ಮಲಗ್ತಾರೆ."

ಕತ್ತರಿ ಕೆಳಗೆ ಬಿತ್ತು. ನೋವಿಗಲ್ಲ. ಹೊಸ ಹುಡುಗಿ ಓಡಿಬಂದು ಎತ್ತಿಕೊಟ್ಟಳು. ಒಡತಿ ಬಂದು ಹಿಂಬದಿಯ ಕೂದಲನ್ನು ನೋಡಿ, ತಾನೇ ಬಾಚಣಿಗೆ ತೆಗೆದುಕೊಂಡಳು. ಗಿರಾಕಿ ಹೋದ ಮೇಲೆ ಒಳಗೆ ಕೂರಿಸಿ ಹೇಳಿದಳು.

"ಅಕ್ಕ, ನನಗೂ ಅಂಗಡಿ ನಡೀಬೇಕು. ಇನ್ನೊಂದು ತಿಂಗಳು ಕಾಯ್ತೀನಿ. ಆಗಲೂ ಹೀಗೇ ಇದ್ರೆ ಕುರ್ಚಿ ಆ ಹುಡುಗಿಗೇ. ನಿನಗೆ ತಲೆ ತೊಳೆಯೋ ಕೆಲಸ ಕೊಡ್ತೀನಿ. ಅದಕ್ಕೆ ಕೈ ಮೇಲೆತ್ತಬೇಕಾಗಿಲ್ಲ."

ತಾನು ಕತ್ತರಿ ಹಿಡಿಯಲು ಕಲಿಸಿದ ಹುಡುಗಿಯ ಗಿರಾಕಿಗಳ ತಲೆ ತೊಳೆದುಕೊಂಡಿರಬೇಕು. ಅವಳು "ಆಯ್ತು" ಎಂದು ಹೊರಗೆ ಬಂದಳು. ದಾರಿಯುದ್ದಕ್ಕೂ ಪೆಟ್ಟಿಗೆ ಇಳಿಸುವ ಆ ಹೆಂಗಸಿನ ಮೇಲೆ, ಅಂದರೆ ತನ್ನ ಮೇಲೆಯೇ, ಅವಳಿಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಊಟದ ಮೇಜಿಗೆ ಎಲ್ಲರೂ ಕೂತರು. ಅವಳು ಬಡಿಸಲಿಲ್ಲ. ಪಾತ್ರೆಗಳನ್ನು ಮೇಜಿನ ನಡುವೆ ಕುಕ್ಕಿ ತಾನೂ ಕೂತಳು.

"ನನ್ನ ಕೈ ವಾಸಿ ಆಯ್ತಂತೆ," ಎಂದಳು.

ಮಗಳು ತಲೆಯೆತ್ತಿದಳು. "ನಿಜವಾ? ಯಾರು ಹೇಳಿದ್ರು?"

"ನಿಮ್ಮಪ್ಪ. ಊರಿಗೆಲ್ಲ ಹೇಳಿದ್ದಾರೆ. ನಾನು ಬೀರು ಮೇಲಿಂದ ಪೆಟ್ಟಿಗೆ ಇಳಿಸ್ತೀನಂತೆ."

ಗಂಡ ಸೂಪು ಕುಡಿಯುವುದನ್ನು ನಿಲ್ಲಿಸಿದ. "ಓ, ಔಷಧಿ ಅಂಗಡಿಯವರು ಸಿಕ್ಕಿದ್ರಾ? ಅದು... ಜನಕ್ಕೆ ಧೈರ್ಯ ಬರಲಿ ಅಂತ ಹೇಳೋದು. ಒಂದು ಉದಾಹರಣೆ ಬೇಕಾಗುತ್ತೆ. ನೋಡು, ಆಕೆ ವಾಸಿಯಾಗ್ಲಿಲ್ವಾ?"

"ಆಕೆ ವಾಸಿಯಾದ್ಲು. ನನ್ನ ಪಟ್ಟಿಯಲ್ಲಿ, ನನ್ನ ಡಾಕ್ಟ್ರು ಹೇಳಿದ್ದನ್ನ, ನನ್ನ ಹೊತ್ತಲ್ಲಿ ಮಾಡಿ. ನಾನೆಲ್ಲಿದ್ದೆ ಆಗ?"

"ನಾನು ನಿನ್ನನ್ನ ಬೇಡ ಅಂದ್ನಾ? ನೀನೇ ಮಾಡಲ್ಲ. ಆಕೆಗೆ ಹಟ ಇತ್ತು, ದಿನಾ ಬಂದ್ಲು."

"ಆಕೆ ಒಂದು ದಿನ ಬರದಿದ್ರೆ ಫೋನ್ ಮಾಡ್ತೀರಂತೆ. ನನ್ನನ್ನ ಒಂದು ದಿನ ಕೇಳಿದ್ದೀರಾ, ಕೈ ಎಳೆದೆಯಾ ಅಂತ? ಗಂಜಿ ಗಟ್ಟಿಯಾಯ್ತು ಅಂತ ಕೇಳಿದ್ದೀರಿ. ಕಾಳಿಗೆ ಮೊಳಕೆ ಬಂದಿಲ್ಲ ಅಂತ ಕೇಳಿದ್ದೀರಿ."

ಅತ್ತೆಗೆ ತಡೆಯಲಾಗಲಿಲ್ಲ. "ಗಂಡ ಹೊರಗಡೆ ನಾಲ್ಕು ಒಳ್ಳೆ ಮಾತು ಹೇಳಿದ್ದಕ್ಕೂ ಜಗಳವಾ? ಕೆಟ್ಟದ್ದು ಹೇಳಿಲ್ಲವಲ್ಲ ನಿನ್ನ ಬಗ್ಗೆ."

"ಒಳ್ಳೆಯದನ್ನೂ ಹೇಳಿಲ್ಲ ಅತ್ತೆ. ಅವರ ಬಗ್ಗೆ ಅವರೇ ಹೇಳ್ಕೊಂಡಿದ್ದಾರೆ. ನೀವು ಟೀ ಹಾಸಿಗೆಗೇ ಬೇಕು ಅಂತೀರಲ್ಲ, ಮೂರು ತಿಂಗಳ ಹಿಂದೆ ನಿಮ್ಮ ಕಾಲು ಚೆನ್ನಾಗಿತ್ತು. ನನ್ನ ಕೈ ಬಿದ್ದುಹೋದ ಕೂಡಲೇ ನಿಮ್ಮ ಕಾಲೂ ಬಿದ್ದುಹೋಯ್ತಾ?"

"ಕೇಳಿಸ್ಕೊಂಡೆಯೇನೋ ಇವಳ ಮಾತು," ಎಂದು ಅತ್ತೆ ಮಗನ ಕಡೆ ತಿರುಗಿದರು.

"ಅಮ್ಮ ಹೇಳೋದು ಸರಿ ಅಜ್ಜಿ," ಎಂದಳು ಮಗಳು. "ಅಪ್ಪ, ನೀನು ಸುಳ್ಳು ಹೇಳಬಾರದಿತ್ತು."

ಅವಳು ಮಗಳ ಕಡೆ ತಿರುಗಿದಳು. ಆ ಹೊತ್ತಿಗೆ ಅವಳಿಗೆ ಯಾರ ಬೆಂಬಲವೂ ಬೇಕಿರಲಿಲ್ಲ. "ನೀನು ನನ್ನ ಪರ ಮಾತಾಡಬೇಡ. ಬಾಟಲಿಗೆ ರಾತ್ರಿನೇ ನೀರು ತುಂಬಿಟ್ಕೋ ಅಂದ್ರೆ ಒಂದು ದಿನ ತುಂಬಿಟ್ಕೊಂಡೆಯಾ? ಆ ಬಾಗಿಲನ್ನ ಎಲ್ಲರಿಗಿಂತ ಹೆಚ್ಚು ಬಡಿದವಳು ನೀನೇ."

ಮಗಳ ಕಣ್ಣು ತುಂಬಿತು. ಅವಳು ಸಮಾಧಾನ ಮಾಡಲಿಲ್ಲ.

ಗಂಡ ತಟ್ಟೆ ತಳ್ಳಿ ಎದ್ದ. "ಈಗೇನು ಮಾಡಬೇಕು ಅಂತೀಯ? ಪಾರ್ಕ್ ಬಿಡ್ಲಾ? ಇಷ್ಟು ಜನ ನನ್ನನ್ನ ನಂಬ್ಕೊಂಡಿದ್ದಾರೆ."

"ನಾನು ಇನ್ನೊಂದು ತಿಂಗಳಲ್ಲಿ ಕುರ್ಚಿ ಕಳ್ಕೋತೀನಿ. ನಾನೂ ಯಾರನ್ನೋ ನಂಬ್ಕೊಂಡಿದ್ದೆ."

"ನಾಳೆಯಿಂದ ಶಿಸ್ತಾಗಿ ಮಾಡು. ನಾನು ಹೇಳಿಕೊಡ್ತೀನಿ, ಸಂಜೆ ಬಂದ ಮೇಲೆ," ಎಂದು ಅವನು ಕೈ ತೊಳೆಯಲು ಹೋದ. ಅವನ ಮಟ್ಟಿಗೆ ಜಗಳ ಮುಗಿದಿತ್ತು. ಮಲಗುವ ಮುಂಚೆ ಕಾಳು ನೆನೆಹಾಕಿದ್ದೀಯಾ ಎಂದು ಕೇಳಿದ. ಅವಳು ಕಾಳು ನೆನೆಹಾಕಲೇ ಇಲ್ಲ.

ಬೆಳಿಗ್ಗೆ ಅವನು ಷೂ ಹಾಕಿಕೊಂಡು ಹೊರಟ ಸ್ವಲ್ಪ ಹೊತ್ತಿಗೆ ಅವಳೂ ಬಾಗಿಲೆಳೆದುಕೊಂಡು ಹೊರಟಳು. ಒಲೆ ಹಚ್ಚಿರಲಿಲ್ಲ. ಅತ್ತೆ ಮಲಗಿದಲ್ಲಿಂದ "ಯಾರು ಅದು?" ಎಂದದ್ದು ಕೇಳಿಸಿತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಪಾರ್ಕಿನ ನಡುವೆ ಸಿಮೆಂಟಿನ ಕಟ್ಟೆಯ ಮೇಲೆ ಕ್ಯಾಪ್ಟನ್ ನಿಂತಿದ್ದ. ಎದುರಿಗೆ ಮೂರು ಸಾಲು ಜನ. ಅವಳು ನೇರ ಹೋಗಿ ಮುಂದಿನ ಸಾಲಿನಲ್ಲಿ, ಔಷಧಿ ಅಂಗಡಿಯ ಹೆಂಗಸಿನ ಪಕ್ಕದಲ್ಲಿ ನಿಂತಳು. ಅವನು ನೋಡಿದ. ಎಣಿಸುತ್ತಿದ್ದ ಲೆಕ್ಕ ತಪ್ಪಿತು. ಆದರೂ ಸಾವರಿಸಿಕೊಂಡ.

"ಎರಡೂ ಕೈ ಮೇಲೆ," ಎಂದ.

ಎಲ್ಲರ ಕೈಗಳೂ ಮೇಲೆದ್ದವು. ಅವಳ ಎಡಗೈ ಎದ್ದಿತು. ಬಲಗೈ ಎದೆಯ ಮಟ್ಟ ದಾಟಿ ಭುಜದ ಕೆಳಗೇ ನಿಂತಿತು.

"ಅಯ್ಯೋ, ಪಾರ್ಲರ್ ಅಕ್ಕ ಅಲ್ವಾ ನೀವು?" ಎಂದರು ಔಷಧಿ ಅಂಗಡಿಯವರು. "ಒಳ್ಳೇದು ಮಾಡಿದ್ರಿ ಬಂದಿದ್ದು. ಕ್ಯಾಪ್ಟನ್, ಇವರನ್ನ ಸ್ವಲ್ಪ ನೋಡಿ, ನನ್ನ ಥರಾನೇ ಭುಜ."

"ಅವರಿಗೆ ಗೊತ್ತು," ಎಂದಳು ಅವಳು, ಹಿಂದಿನ ಸಾಲಿಗೂ ಕೇಳುವ ಹಾಗೆ. "ನಾನು ಅವರ ಹೆಂಡತಿ."

ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಔಷಧಿ ಅಂಗಡಿಯವರು ಅವಳ ಕೈಯನ್ನು ನೋಡಿದರು, ಆಮೇಲೆ ಕಟ್ಟೆಯ ಮೇಲೆ ನೋಡಿದರು. "ಎರಡನೇ ಹೆಂಡತಿಯಾ?" ಎಂದು ಹಿಂದಿನಿಂದ ಒಬ್ಬ ಮುದುಕ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಗಂಡ ಕಟ್ಟೆಯಿಂದಿಳಿದು ಬಂದ. ಮುಖದಲ್ಲಿ ನಗುವಿತ್ತು, ಹಲ್ಲಿನ ಸಂದಿಯಿಂದ ಮಾತಾಡಿದ. "ಏನಿದು? ಮನೇಲಿ ಮಾತಾಡೋಣ."

"ಮನೇಲಿ ಹೊತ್ತಿಲ್ಲ. ನನಗೆ ಹೊತ್ತು ಸಿಗೋದು ಇಲ್ಲೇ ಅಂತ ಗೊತ್ತಾಯ್ತು."

"ಕೈ ಇಳಿಸು. ನಾನು ಹಿಡ್ಕೋತೀನಿ," ಎಂದು ಅವಳ ಮೊಣಕೈಗೆ ಕೈಹಾಕಿದ.

"ಮುಟ್ಟಬೇಡಿ."

ಅವಳು ಜೋರಾಗಿ ಹೇಳಲಿಲ್ಲ. ಆದರೂ ಅವನು ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ಯಾರೂ ಅಲುಗಲಿಲ್ಲ. ಇಷ್ಟು ದಿನ ಅವನು ಎಣಿಸಿದ್ದಕ್ಕೆಲ್ಲ ಕೈ ಎತ್ತಿದ ಜನ ಈಗ ಅವನನ್ನೇ ಎಣಿಸುವವರಂತೆ ನೋಡುತ್ತಿದ್ದರು.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಎಡಗೈಯಿಂದ ತೆಗೆದಳು. ಮಗಳ ದನಿ. "ಅಮ್ಮ, ಎಲ್ಲಿದ್ದೀಯ? ಅಜ್ಜಿ ಟೀ ಕೇಳ್ತಿದ್ದಾರೆ. ತಿಂಡಿ ಏನೂ ಇಲ್ಲ. ನನಗೆ ಬಸ್ಸಿಗೆ ಹೊತ್ತಾಯ್ತು."

"ನಿಮ್ಮಪ್ಪ ಇಲ್ಲೇ ಇದ್ದಾರೆ, ಕೇಳು," ಎಂದು ಫೋನನ್ನು ಅವನ ಕಿವಿಗೆ ಹಿಡಿದಳು.

ಅವನು ಕೇಳಿಸಿಕೊಂಡ. ಕತ್ತು ಕೆಂಪಾಯಿತು. "ಐದು ನಿಮಿಷ, ಅಮ್ಮ ಈಗ ಬರ್ತಾಳೆ," ಎಂದ ಫೋನಿಗೆ.

"ನಾನು ಬರಲ್ಲ. ನಂದು ಇನ್ನೂ ಶುರುವೇ ಆಗಿಲ್ಲ."

"ನಾನು ಕ್ಲಾಸು ನಡುವೆ ಬಿಟ್ಟು ಹೋಗಕ್ಕಾಗುತ್ತಾ? ಒಂದು ದಿನ ತಪ್ಪಿಸಿಲ್ಲ ನಾನು."

"ನಾನು ದಿನಾ ತಪ್ಪಿಸಿದ್ದೀನಿ," ಎಂದಳು. "ಅದಕ್ಕೇ ನಿಮ್ಮದು ತಪ್ಪಲಿಲ್ಲ."

ಅವನು ಗುಂಪಿನ ಕಡೆ ನೋಡಿದ. ಒಬ್ಬರಾದರೂ ಏನಾದರೂ ಹೇಳಲಿ ಎಂದು ಕಾದ. ಔಷಧಿ ಅಂಗಡಿಯವರು ಮುಖ ತಿರುಗಿಸಿದರು. ಮುದುಕ ಷೂ ಹಗ್ಗ ಕಟ್ಟಿಕೊಳ್ಳಲು ಬಗ್ಗಿದ. ಫೋನಿನೊಳಗಿಂದ ಅಪ್ಪಾ, ಅಪ್ಪಾ ಎಂಬ ಸಣ್ಣ ದನಿ ಬರುತ್ತಲೇ ಇತ್ತು.

"ಬ್ರೆಡ್ ಎಲ್ಲಿದೆ?" ಎಂದು ಕೇಳಿದ, ತಗ್ಗಿದ ದನಿಯಲ್ಲಿ.

"ಹುಡುಕಿ."

ಅವನು ಫೋನನ್ನು ಕಿವಿಗೊತ್ತಿಕೊಂಡು ಗೇಟಿನ ಕಡೆ ನಡೆದ. ಅವನು ಗೇಟು ದಾಟಿದ ಮೇಲೆ ಔಷಧಿ ಅಂಗಡಿಯವರು ಅವಳ ಹತ್ತಿರ ಸರಿದರು.

"ನನಗೆ ಗೊತ್ತಿರಲಿಲ್ಲ ಅಕ್ಕ. ಏನು ಹೇಳ್ಲಿ ನಾನು?"

"ಏನೂ ಹೇಳಬೇಡಿ. ಎಣಿಸಿ."

"ನಾನಾ?"

"ನಿಮ್ಮ ಕೈ ವಾಸಿಯಾಗಿದೆಯಲ್ಲ. ನೀವೇ ಎಣಿಸಿ."

ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡು "ಒಂದು" ಎಂದರು. ಸಾಲುಗಳಲ್ಲಿ ಕೈಗಳು ಹಿಂಜರಿಯುತ್ತಾ ಎದ್ದವು. ಅವಳು ಬಲಗೈಯನ್ನು ಎತ್ತಿದಳು. ಅದು ಮತ್ತೆ ಅಲ್ಲೇ ನಿಂತಿತು. ಹಲ್ಲು ಕಚ್ಚಿ ಇನ್ನೂ ಕೂದಲೆಳೆಯಷ್ಟು ಮೇಲೆ ನೂಕಿದಳು. ಕಣ್ಣಲ್ಲಿ ನೀರು ಬಂದು ಕೆನ್ನೆಗಿಳಿಯಿತು, ಒರೆಸಿಕೊಳ್ಳಲಿಲ್ಲ. ಪಕ್ಕದವರು ಅದನ್ನು ಕಂಡು ಎಣಿಸುವುದನ್ನು ನಿಲ್ಲಿಸಿದರು.

"ನಿಲ್ಲಿಸಬೇಡಿ," ಎಂದಳು ಅವಳು. "ಯಾರು ಬಂದು ಕರೆದ್ರೂ ನಿಲ್ಲಿಸಬೇಡಿ."